ಅಳಿದ ಶಾಸನ, ಉಳಿದ ಶಂಕೆ: ಲಿಂಗತ್ವ ಅಲ್ಪಸಂಖ್ಯಾತರ ಇತಿಹಾಸದ ಒಂದು ಅವಲೋಕನ

ಒಂದು ಸಮಾಜದ ಇತಿಹಾಸವನ್ನು ಅದರ ಅರಸರು ಬರೆಯಿಸಿದ ಶಾಸನಗಳಿಂದ ಅರಿಯುವುದು ವಾಡಿಕೆ. ಆದರೆ ಆ ಸಮಾಜವು ತನ್ನ ದುರ್ಬಲರನ್ನು ಯಾವ ಪದಗಳಿಂದ ಕರೆಯಿತು ಎಂಬುದರಿಂದಲೂ ಅದರ ಅಂತರಂಗವನ್ನು ಅಷ್ಟೇ ಸ್ಪಷ್ಟವಾಗಿ ತಿಳಿಯಬಹುದು. ಹುಟ್ಟಿದಾಗ ಗಂಡೆಂದು ಎಣಿಸಲ್ಪಟ್ಟು ಹೆಣ್ಣಾಗಿ ಬಾಳುವವರು, ಹೆಣ್ಣೆಂದು ಎಣಿಸಲ್ಪಟ್ಟು ಗಂಡಾಗಿ ಬಾಳುವವರು, ಈ ಎರಡು ವರ್ಗಗಳಲ್ಲಿಯೂ ತಮ್ಮನ್ನು ಕಾಣದವರು, ಇವರೆಲ್ಲರನ್ನೂ ಇಂದು ಕನ್ನಡದಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದು ಕರೆಯಲಾಗುತ್ತದೆ. ಇವರ ಮೇಲಿನ ತಿರಸ್ಕಾರವು ಅನಾದಿಯಾದುದು, ಜನಮನದಲ್ಲಿ ತಾನಾಗಿಯೇ ಬೆಳೆದುಬಂದುದು ಎಂಬ ನಂಬಿಕೆ ವ್ಯಾಪಕವಾಗಿದೆ. ಇತಿಹಾಸದ ಆಧಾರಗಳನ್ನು ಪರಿಶೀಲಿಸಿದಾಗ ಈ ನಂಬಿಕೆ ಪೂರ್ಣವಾಗಿ ನಿಲ್ಲುವುದಿಲ್ಲ. ತಿರಸ್ಕಾರದ ಒಂದಂಶ ಹಳೆಯದು, ನಿಜ. ಆದರೆ ಇವರನ್ನು ಹುಟ್ಟುಗಳ್ಳರೆಂದು, ಮಕ್ಕಳನ್ನು ಕದಿಯುವವರೆಂದು ಶಂಕಿಸುವ ದೃಷ್ಟಿಯನ್ನು ಕಾಯಿದೆಯ ಪುಟಗಳಲ್ಲಿ ಬರೆದಿಟ್ಟ ಒಂದು ನಿಶ್ಚಿತ ವರ್ಷವಿದೆ. ಆ ವರ್ಷ 1871. ಆ ಕಾಯಿದೆ ಅಳಿದು ಬಹುಕಾಲವಾಯಿತು. ಅದರ ಮಾತು ಮಾತ್ರ ಅಳಿಯಲಿಲ್ಲ. ಆ ಮಾತು ನಡೆದು ಬಂದ ದಾರಿಯನ್ನು ಅವಲೋಕಿಸುವುದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಧರ್ಮಾಸಕ್ತರಿಗೂ ಸಮಾನವಾಗಿ ಪ್ರಯೋಜನಕರವಾದುದು.

ಮೊದಲಿಗೆ ಭಾಷೆಯಿಂದಲೇ ಆರಂಭಿಸುವುದು ಉಚಿತ. ಸಂಸ್ಕೃತದಲ್ಲಿ ಶಬ್ದದ ಲಿಂಗವು ಅರ್ಥವನ್ನು ಅನುಸರಿಸಲೇಬೇಕೆಂಬ ನಿಯಮವಿಲ್ಲ. ಕನ್ನಡದಲ್ಲಿ ಹಾಗಲ್ಲ, ಇಲ್ಲಿ ಲಿಂಗವು ಅರ್ಥಾನುಸಾರಿ. ಮನುಷ್ಯರಲ್ಲಿ ಗಂಡಸನ್ನು ಹೇಳುವ ಶಬ್ದ ಪುಲ್ಲಿಂಗ, ಹೆಂಗಸನ್ನು ಹೇಳುವ ಶಬ್ದ ಸ್ತ್ರೀಲಿಂಗ, ಉಳಿದ ಪಶುಪಕ್ಷಿ ಜಡವಸ್ತುಗಳೆಲ್ಲ ನಪುಂಸಕ ಎಂಬ ವ್ಯವಸ್ಥೆಯನ್ನು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವು ನಿರೂಪಿಸುತ್ತದೆ. ವ್ಯಾಕರಣದ ಮಟ್ಟಿಗೆ ಇದು ಸಹಜವಾದ ವಿಭಾಗ. ಆದರೆ ಒಬ್ಬ ಮನುಷ್ಯನನ್ನೇ ‘ನಪುಂಸಕ’ ಎಂದು ಕರೆದಾಗ ಆಗುವುದೇನು? ಕನ್ನಡದ ಕಿವಿಗೆ ಆ ಪದವು ಅವನನ್ನು ‘ಅವನು’, ‘ಅವಳು’ಗಳ ಸಾಲಿನಿಂದ ಕಿತ್ತು ಕಲ್ಲುಮರಗಳ ಸಾಲಿಗೆ, ‘ಅದು’ ಎಂಬುದರ ಸಾಲಿಗೆ ದೂಡುತ್ತದೆ. ಬೀದಿಯ ಬೈಗುಳದಲ್ಲಿ ಈ ವ್ಯಕ್ತಿಗಳನ್ನು ‘ಅದು ಬಂತು’, ‘ಅದು ಹೋಯಿತು’ ಎಂದು ಹೇಳುವ ಕ್ರೌರ್ಯದ ಮೂಲ ಇಲ್ಲಿದೆ. ಪದವೊಂದು ಮನುಷ್ಯನಿಂದ ಮನುಷ್ಯತ್ವವನ್ನು ಕಳೆಯಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಪ್ರಾಚೀನ ವಾಙ್ಮಯದಲ್ಲಿ ಇವರ ಕುರಿತ ದೃಷ್ಟಿ ಏಕರೂಪವಾಗಿರಲಿಲ್ಲ. ವಾತ್ಸ್ಯಾಯನನ ಕಾಮಸೂತ್ರವು ‘ತೃತೀಯಾ ಪ್ರಕೃತಿ’ ಎಂಬ ಹೆಸರಿನಿಂದ ಸ್ತ್ರೀರೂಪದವರನ್ನೂ ಪುರುಷರೂಪದವರನ್ನೂ ಗುರುತಿಸುತ್ತದೆ. ಅಲ್ಲಿ ಅವರು ನಗರಜೀವನದ ಒಂದು ಅಂಗ. ಮನುಸ್ಮೃತಿಯಾದರೋ ಕ್ಲೀಬನನ್ನು ಪಿತ್ರಾರ್ಜಿತದ ಪಾಲಿನಿಂದ ಹೊರಗಿಡುತ್ತದೆ. ಆದರೆ ಅನ್ನವಸ್ತ್ರಗಳನ್ನು ಕೊಟ್ಟು ಪೋಷಿಸಬೇಕಾದ ಹೊಣೆಯನ್ನು ದಾಯಾದರ ಮೇಲೆ ಹೊರಿಸುತ್ತದೆ. ಮಹಾಭಾರತದ ವಿರಾಟಪರ್ವದಲ್ಲಿ ಅರ್ಜುನನು ಬೃಹನ್ನಳೆಯಾಗಿ ವಿರಾಟನ ಅರಮನೆಗೆ ಬರುವ ಸನ್ನಿವೇಶವು ಈ ಸಂದರ್ಭದಲ್ಲಿ ವಿಶೇಷವಾಗಿ ವಿಚಾರಾರ್ಹ. ಅರಸನು ಬಂದವನ ಪುರುಷತ್ವಾಭಾವವನ್ನು ಖಚಿತಪಡಿಸಿಕೊಳ್ಳುತ್ತಾನೆ. ಆಮೇಲೆ ಅವನನ್ನು ಅಂತಃಪುರಕ್ಕೆ ಕಳುಹಿಸಿ ಮಗಳಾದ ಉತ್ತರೆಗೆ ನಾಟ್ಯ ಸಂಗೀತಗಳ ಗುರುವಾಗಿ ನಿಯಮಿಸುತ್ತಾನೆ. ಪರೀಕ್ಷೆಯ ಅವಮಾನವು ಅಲ್ಲಿಯೂ ಇತ್ತು, ಸಂದೇಹವಿಲ್ಲ. ಆದರೆ ಪರೀಕ್ಷೆಯ ಫಲವಾಗಿ ದೊರೆತುದು ಕಲೆಯನ್ನು ಕಲಿಸುವ ಸ್ಥಾನ. 1871ರ ಕಾಯಿದೆಯಲ್ಲಿಯೂ ಪರೀಕ್ಷೆ ಇತ್ತು. ಅದರ ಫಲ ಕಲೆಯ ನಿಷೇಧ. ಈ ಎರಡು ಪರೀಕ್ಷೆಗಳ ನಡುವಣ ಅಂತರವನ್ನು ಮನಸ್ಸಿನಲ್ಲಿರಿಸಿಕೊಂಡರೆ ಮುಂದಿನ ವಿಷಯ ಸುಲಭವಾಗಿ ಅರ್ಥವಾಗುತ್ತದೆ.

ಮಧ್ಯಯುಗದ ಸುಲ್ತಾನರ, ಮೊಗಲರ ಆಸ್ಥಾನಗಳಲ್ಲಿ ಖೋಜಾಗಳು ಅಂತಃಪುರದ ರಕ್ಷಕರಾಗಿ, ಅಧಿಕಾರಿಗಳಾಗಿ, ದಂಡನಾಯಕರಾಗಿ ಇದ್ದರು. 1311ರಲ್ಲಿ ಹೊಯ್ಸಳರ ದ್ವಾರಸಮುದ್ರವನ್ನು ಮುತ್ತಿದ ಮಲಿಕ್ ಕಾಫೂರನು ಅಂಥವರಲ್ಲಿ ಒಬ್ಬ. ಬಾಲ್ಯದಲ್ಲಿ ಬಲಾತ್ಕಾರದ ಅಂಗಚ್ಛೇದಕ್ಕೆ ಒಳಗಾದ ಇಂಥ ಸೇವಕರು ಬೇರೆ, ಹೆಣ್ಣಿನ ಮನಸ್ಸನ್ನೂ ಉಡುಗೆಯನ್ನೂ ತಮ್ಮದಾಗಿ ಭಾವಿಸಿ ಗುರುಪರಂಪರೆಯೊಂದರಲ್ಲಿ ಬಾಳುವ ಹಿಜಡಾಗಳು ಬೇರೆ. ಗುಜರಾತಿನ ಬಹುಚರಾ ಮಾತೆಯನ್ನು ಆರಾಧಿಸುವ ಹಿಜಡಾಗಳು ಮಗು ಹುಟ್ಟಿದ ಮನೆಗೆ, ಮದುವೆಯ ಮನೆಗೆ ಹೋಗಿ ಹಾಡಿ ಕುಣಿದು ಹರಸುವುದು ಉತ್ತರ ಭಾರತದಲ್ಲಿ ಬಹುಕಾಲದ ರೂಢಿ. ಕರ್ನಾಟಕದಲ್ಲಿ ಸವದತ್ತಿಯ ರೇಣುಕಾ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟು, ದೇವಿಯ ಕೊಡ ಹೊತ್ತು, ಚೌಡಿಕೆಯ ಪದ ಹಾಡುತ್ತ ಊರೂರು ತಿರುಗುವ ಜೋಗಪ್ಪಗಳ ಸಂಪ್ರದಾಯ ಮತ್ತೊಂದು ಬಗೆಯದು; ಅಲ್ಲಿ ಅಂಗಚ್ಛೇದವು ಕಡ್ಡಾಯವಾದ ವಿಧಿಯಲ್ಲ. ಹೀಗೆ ಮೂಲದಲ್ಲಿ, ಆಚಾರದಲ್ಲಿ, ನಂಬಿಕೆಯಲ್ಲಿ ಭಿನ್ನರಾದ ಈ ಜನವರ್ಗಗಳನ್ನೆಲ್ಲ ‘ಯೂನಕ್’ ಎಂಬ ಒಂದೇ ಇಂಗ್ಲಿಷ್ ಪದದ ಚೀಲಕ್ಕೆ ತುಂಬಿದುದು ವಸಾಹತು ಆಡಳಿತದ ಮೊದಲ ತಪ್ಪು.

ಮರಾಠಾ ಪ್ರಭುತ್ವವು ಪಶ್ಚಿಮ ಭಾರತದಲ್ಲಿ ಕೆಲವು ಹಿಜಡಾ ಗುರುಗಳಿಗೆ ಇನಾಮು ಭೂಮಿಯನ್ನೂ, ಊರುಗಳಲ್ಲಿ ಕಾಣಿಕೆ ಎತ್ತುವ ಹಕ್ಕನ್ನೂ ನೀಡಿತ್ತು. ಮುಂಬಯಿ ಸರ್ಕಾರವು 19ನೆಯ ಶತಮಾನದ ಮಧ್ಯಭಾಗದಲ್ಲಿ ಇನಾಮುಗಳನ್ನು ಪರಿಶೀಲಿಸತೊಡಗಿದಾಗ ಈ ಹಕ್ಕುಗಳನ್ನು ನೈತಿಕತೆಯ ಹೆಸರಿನಲ್ಲಿ ಪ್ರಶ್ನಿಸಲಾಯಿತು. ಒಂದು ಪ್ರಭುತ್ವವು ದಾನಪತ್ರ ಕೊಟ್ಟು ಮನ್ನಿಸಿದ ಜನವನ್ನು ಇನ್ನೊಂದು ಪ್ರಭುತ್ವವು ನಾಚಿಕೆಯ ವಸ್ತುವಾಗಿ ಕಂಡಿತು. ಇದು ಮುಂದಣ ಕಠೋರ ಕ್ರಮಗಳ ಮುನ್ಸೂಚನೆಯಾಗಿತ್ತು.

1852ರಲ್ಲಿ ಇಂದಿನ ಉತ್ತರಪ್ರದೇಶದ ಮೈನ್‌ಪುರಿ ಜಿಲ್ಲೆಯಲ್ಲಿ ಭೂರಾ ಎಂಬ ಹೆಸರಿನ ಹಿಜಡಾ ವ್ಯಕ್ತಿಯೊಬ್ಬರ ಕೊಲೆಯಾಯಿತು. ಅವರೊಡನೆ ಸಂಬಂಧವಿದ್ದ ಗಂಡಸೊಬ್ಬನು ಆ ಅಪರಾಧಕ್ಕಾಗಿ ದಂಡಿತನಾದನು. ಕೊಲೆಯಾದವರಿಗೆ ನ್ಯಾಯ ದೊರೆಯಿತೆಂದು ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ವಿಚಾರಣೆಯ ನ್ಯಾಯಾಧೀಶರ ಗಮನವು ಕೊಲೆಗಾರನಿಂದ ಕೊಲೆಯಾದವರ ಜನವರ್ಗದ ಕಡೆಗೆ ಹೊರಳಿತು. ಇಂಥ ಜನರು ಬಹಿರಂಗವಾಗಿ ಬಾಳುತ್ತಿರುವುದೇ ಸರ್ಕಾರಕ್ಕೆ ಕಳಂಕವೆಂಬ ಅಭಿಪ್ರಾಯವು ಅಧಿಕಾರಿ ವಲಯದಲ್ಲಿ ಬಲವಾಯಿತು. ಹತರಾದವರ ಸಮುದಾಯವೇ ಆರೋಪಿಯ ಕಟ್ಟೆಯಲ್ಲಿ ನಿಂತಿತು. ಮುಂದಿನ ಎರಡು ದಶಕಗಳಲ್ಲಿ ಈ ಸಮುದಾಯವು ಕ್ರಮೇಣ ನಶಿಸಿಹೋಗುವಂತೆ ಮಾಡಬೇಕೆಂಬ ಉದ್ದೇಶವು ಅಧಿಕಾರಿಗಳ ಪತ್ರವ್ಯವಹಾರದಲ್ಲಿ ಮುಚ್ಚುಮರೆಯಿಲ್ಲದೆ ವ್ಯಕ್ತವಾಯಿತು.

ಈ ಚಿಂತನೆಯ ಫಲವೇ 1871ರ 27ನೆಯ ಕಾಯಿದೆ. ಅಪರಾಧಿ ಬುಡಕಟ್ಟುಗಳ ಕಾಯಿದೆ ಎಂಬ ಹೆಸರಿನಿಂದ ಪ್ರಸಿದ್ಧವಾದ ಇದರ ಮೊದಲ ಭಾಗವು ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿದ ಸಂಗತಿ ಅನೇಕರಿಗೆ ತಿಳಿದಿದೆ. ಅದರ ಎರಡನೆಯ ಭಾಗವು ‘ಯೂನಕ್’ಗಳಿಗೆ ಮೀಸಲಾಗಿತ್ತು ಎಂಬುದು ಅಷ್ಟಾಗಿ ತಿಳಿದಿಲ್ಲ. ತಾನಾಗಿ ಒಪ್ಪಿಕೊಂಡ ಅಥವಾ ವೈದ್ಯಕೀಯ ತಪಾಸಣೆಯಿಂದ ಷಂಡನೆಂದು ಕಂಡುಬಂದ ಪ್ರತಿಯೊಬ್ಬ ಪುರುಷನೂ ಈ ಪದದ ವ್ಯಾಪ್ತಿಗೆ ಸೇರಿದನು. ಅಂಥವರಲ್ಲಿ ಮಕ್ಕಳನ್ನು ಅಪಹರಿಸುವ, ಅಂಗಚ್ಛೇದ ಮಾಡುವ, ಅಥವಾ ದಂಡಸಂಹಿತೆಯ 377ನೆಯ ಪ್ರಕರಣದ ಅಪರಾಧವನ್ನು ಎಸಗುವ ಬಗ್ಗೆ ‘ಶಂಕೆಗೆ ಕಾರಣವುಳ್ಳವರ’ ಹೆಸರು, ವಾಸಸ್ಥಳ, ಆಸ್ತಿಗಳನ್ನು ಸರ್ಕಾರದ ದಫ್ತರಿನಲ್ಲಿ ದಾಖಲಿಸಬೇಕೆಂದು ವಿಧಿಸಲಾಯಿತು. ಇಲ್ಲಿ ಅಪರಾಧ ಸಿದ್ಧವಾಗಬೇಕಾಗಿರಲಿಲ್ಲ; ಶಂಕೆಯೇ ಸಾಕಾಗಿತ್ತು.

ದಾಖಲಾದ ಮೇಲೆ ಆ ವ್ಯಕ್ತಿಯ ಬಾಳು ಏನಾಗುತ್ತಿತ್ತು ಎಂಬುದನ್ನು ಕಾಯಿದೆಯ ವಿಧಿಗಳೇ ಹೇಳುತ್ತವೆ. ಹೆಣ್ಣಿನ ಉಡುಗೆತೊಡುಗೆಯಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೆ, ಬೀದಿಯಿಂದ ಕಾಣುವಂತೆ ಮನೆಯೊಳಗೆ ನಿಂತರೂ ಸಹ, ವಾರಂಟು ಇಲ್ಲದೆ ಬಂಧಿಸಬಹುದಾಗಿತ್ತು. ಬೀದಿಯಲ್ಲಿ ಹಾಡಿ ಕುಣಿದರೂ, ಹಣ ಪಡೆದು ಯಾರದೋ ಮನೆಯೊಳಗೆ ಹಾಡಿ ಕುಣಿದರೂ ಅದೇ ಗತಿ. ಇವುಗಳಿಗೆ 2 ವರ್ಷಗಳವರೆಗೆ ಸೆರೆವಾಸ, ದಂಡ, ಅಥವಾ ಎರಡೂ. 16 ವರ್ಷಕ್ಕೆ ಒಳಪಟ್ಟ ಹುಡುಗನು ಅವರ ಮನೆಯಲ್ಲಿ ಅಥವಾ ಅವರ ಅಂಕೆಯಲ್ಲಿ ಇದ್ದರೆ ಅದೂ ಶಿಕ್ಷಾರ್ಹ. ದಾಖಲಾದವರು ಅಪ್ರಾಪ್ತವಯಸ್ಕರಿಗೆ ಪಾಲಕರಾಗುವಂತಿಲ್ಲ, ದಾನ ಕೊಡುವಂತಿಲ್ಲ, ಮರಣಶಾಸನ ಬರೆಯುವಂತಿಲ್ಲ, ದತ್ತು ಸ್ವೀಕರಿಸುವಂತಿಲ್ಲ. ಉಡುಗೆಯ ನಿಷೇಧದಿಂದ ಸ್ವರೂಪವೂ, ಹಾಡುಕುಣಿತಗಳ ನಿಷೇಧದಿಂದ ಜೀವನೋಪಾಯವೂ, ದಾನದತ್ತಕಗಳ ನಿಷೇಧದಿಂದ ಗುರುಶಿಷ್ಯ ಪರಂಪರೆಯೂ ಕಡಿದುಹೋಗುವಂತೆ ಈ ವಿಧಿಗಳು ಒಂದಕ್ಕೊಂದು ಹೊಂದಿಕೊಂಡು ರಚಿತವಾಗಿದ್ದವು. ಗುರುವಿನ ಆಸ್ತಿ ಶಿಷ್ಯನಿಗೆ ಸಲ್ಲದಿದ್ದರೆ ಪರಂಪರೆ ಉಳಿಯುವುದು ಹೇಗೆ? ಮಠಪೀಠಗಳ ಇತಿಹಾಸವನ್ನು ಬಲ್ಲ ಓದುಗರಿಗೆ ಈ ಏಟಿನ ಆಳವನ್ನು ವಿವರಿಸಬೇಕಾಗಿಲ್ಲ.

ಇದೇ ಕಾಲದಲ್ಲಿ ಪಶ್ಚಿಮ ಹಾಗೂ ದಕ್ಷಿಣ ಭಾರತದ ರಂಗಭೂಮಿಯ ಸ್ಥಿತಿಯನ್ನು ನೆನೆಯಬಹುದು. ಯಕ್ಷಗಾನದ ಮೇಳಗಳಲ್ಲಿ, ಆಗ ತಲೆಯೆತ್ತುತ್ತಿದ್ದ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಮುಂದೆ ಮರಾಠಿ ರಂಗಭೂಮಿಯ ಬಾಲಗಂಧರ್ವರು ಸ್ತ್ರೀಪಾತ್ರಗಳಿಂದಲೇ ಅಪಾರ ಕೀರ್ತಿಯನ್ನು ಪಡೆದರು; 1964ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಸಂದಿತು. ರಂಗದ ಮೇಲೆ ಸೀರೆ ಉಟ್ಟ ಗಂಡಿಗೆ ಕರತಾಡನ, ಬೀದಿಯಲ್ಲಿ ಸೀರೆ ಉಟ್ಟವರಿಗೆ ಕೈಕೋಳ. ವೇಷವನ್ನು ಕಳಚಿಡಬಲ್ಲವನು ಕಲಾವಿದ. ಅದನ್ನೇ ಬಾಳಾಗಿ ಸ್ವೀಕರಿಸಿದವರು ಅಪರಾಧಿ. ಈ ದ್ವಂದ್ವವು ಇಂದಿಗೂ ಜನಪ್ರಿಯ ಕಲೆಗಳಲ್ಲಿ ಉಳಿದುಬಂದಿರುವುದನ್ನು ಮುಂದೆ ಕಾಣಬಹುದು.

1911ರಲ್ಲಿ ಹೊಸ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದಾಗ ಈ ಎರಡನೆಯ ಭಾಗವನ್ನು ಕೈಬಿಡಲಾಯಿತು. ಸ್ವಾತಂತ್ರ್ಯಾನಂತರ 1952ರಲ್ಲಿ ಆ ಇಡೀ ಕಾಯಿದೆಯೇ ರದ್ದಾಯಿತು. ಆದರೆ ಬ್ರಿಟಿಷರು ಕೈಬಿಟ್ಟುದನ್ನು ಒಂದು ದೇಶೀ ಸಂಸ್ಥಾನವು ಕೈಗೆತ್ತಿಕೊಂಡಿತು. ಹೈದರಾಬಾದಿನ ನಿಜಾಮ ಸರ್ಕಾರವು ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, 1871ರ ವಿಧಿಗಳನ್ನು ಬಹುಮಟ್ಟಿಗೆ ಅನುಕರಿಸಿದ ಕಾಯಿದೆಯೊಂದನ್ನು ಮಾಡಿತು. ಅದೇ ದಾಖಲೆ, ಅದೇ ಶಂಕೆ, ಹೆಣ್ಣುಡುಗೆಗೆ ಅದೇ 2 ವರ್ಷಗಳ ಸೆರೆವಾಸ. ಬೀದರ, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದವು ಎಂಬುದು ಕನ್ನಡಿಗರು ಮರೆಯಬಾರದ ಸಂಗತಿ. ಈ ಕಾಯಿದೆಯು ತೆಲಂಗಾಣ ಪ್ರದೇಶದಲ್ಲಿ ಸ್ವತಂತ್ರ ಭಾರತದ ಪುಸ್ತಕಗಳಲ್ಲಿಯೂ ಉಳಿದುಕೊಂಡಿತು. 2023ರ ಜುಲೈ ತಿಂಗಳಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯವು ಇದು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ತೀರ್ಪಿತ್ತು ಅದನ್ನು ತೊಡೆದುಹಾಕಿತು. ಹೀಗೆ 1871ರ ಕೂಸು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬದುಕಿತ್ತು.

ಕರ್ನಾಟಕದಲ್ಲಿ ಅದು ಇನ್ನೊಂದು ರೂಪದಿಂದ ಮರುಹುಟ್ಟು ಪಡೆದ ಬಗೆ ಹೆಚ್ಚು ಚಿಂತನಾರ್ಹ. 2003ರಲ್ಲಿ ಪೌರಸ್ವಾತಂತ್ರ್ಯಕ್ಕಾಗಿ ಜನತಾ ಒಕ್ಕೂಟದ ಕರ್ನಾಟಕ ಶಾಖೆಯು ಬೆಂಗಳೂರಿನ ಹಿಜಡಾ ಮತ್ತು ಕೋತಿ ಸಮುದಾಯದವರ ಮೇಲಿನ ದೌರ್ಜನ್ಯಗಳನ್ನು ಕುರಿತು ವರದಿಯೊಂದನ್ನು ಪ್ರಕಟಿಸಿತು. ಬೀದಿಯಲ್ಲಿ, ಠಾಣೆಯಲ್ಲಿ, ಮನೆಯಲ್ಲಿ, ಆಸ್ಪತ್ರೆಯಲ್ಲಿ ಇವರು ಅನುಭವಿಸುವ ಹಿಂಸೆ ಅವಮಾನಗಳು ಮೊದಲ ಬಾರಿಗೆ ವ್ಯವಸ್ಥಿತವಾಗಿ ಅಕ್ಷರರೂಪಕ್ಕೆ ಬಂದ ಬರಹಗಳಲ್ಲಿ ಅದು ಪ್ರಮುಖವಾದುದು. ಇಷ್ಟಾದರೂ 2011ರಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯಿದೆಗೆ ‘36 ಎ’ ಎಂಬ ಹೊಸ ಪ್ರಕರಣವನ್ನು ಸೇರಿಸಲಾಯಿತು. ‘ಯೂನಕ್’ಗಳ ಅನಪೇಕ್ಷಿತ ಚಟುವಟಿಕೆಗಳನ್ನು ಹತ್ತಿಕ್ಕಲು, ಹುಡುಗರ ಅಪಹರಣ ಹಾಗೂ ಅಂಗಚ್ಛೇದದ ಬಗ್ಗೆ ಶಂಕೆಗೆ ಕಾರಣವುಳ್ಳವರ ಹೆಸರು ವಿಳಾಸಗಳ ದಾಖಲೆಯನ್ನು ಇರಿಸುವ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೆ ಅದು ನೀಡಿತು. ಶಾಸನದ ಭಾಷೆಯನ್ನು ಎದುರುಬದುರಾಗಿ ಇಟ್ಟು ನೋಡಿದರೆ 1871ರ ಮಾತುಗಳೇ 140 ವರ್ಷಗಳ ಬಳಿಕ ಪುನಃ ಅಚ್ಚಾದಂತೆ ಕಾಣುತ್ತವೆ. ಇದನ್ನು ಬರೆದವರಲ್ಲಿ ದ್ವೇಷವಿತ್ತೆಂದು ಊಹಿಸಬೇಕಾಗಿಲ್ಲ. ಹಳೆಯ ಮಾದರಿಯೊಂದು ಕೈಗೆ ಸಿಕ್ಕಿತು. ಅದು ಸಹಜವೆಂಬಂತೆ ತೋರಿತು. ಪೂರ್ವಗ್ರಹದ ನಿಜವಾದ ಬಲವಿರುವುದು ಇಲ್ಲಿಯೇ. ಅದು ದ್ವೇಷದ ಮುಖ ಹೊತ್ತು ಬರುವುದಿಲ್ಲ, ವಾಡಿಕೆಯ ಮುಖ ಹೊತ್ತು ಬರುತ್ತದೆ. ಸಮುದಾಯದವರು ಉಚ್ಚ ನ್ಯಾಯಾಲಯದ ಮೊರೆಹೊಕ್ಕ ಬಳಿಕ 2016ರ ತಿದ್ದುಪಡಿಯಿಂದ ಆ ಪದವನ್ನು ತೆಗೆದು ‘ವ್ಯಕ್ತಿ’ ಎಂಬ ಪದವನ್ನು ಇಡಲಾಯಿತು.

ಕಾಯಿದೆಯು ಬಿತ್ತಿದ ಶಂಕೆಯನ್ನು ಬೆಳೆಸಿದುದರಲ್ಲಿ ಸಮೂಹ ಮಾಧ್ಯಮಗಳ ಪಾಲೂ ಕಡಿಮೆಯಲ್ಲ. ಭಾರತೀಯ ಚಲನಚಿತ್ರಗಳು ಬಹುಕಾಲ ಇವರಿಗೆ ಎರಡೇ ಪಾತ್ರಗಳನ್ನು ಕೊಟ್ಟವು: ಒಂದು, ಚಪ್ಪಾಳೆ ತಟ್ಟಿ ನಗೆಪಾಟಲಾಗಿ ಮರೆಯಾಗುವ ಪಾತ್ರ, ಇನ್ನೊಂದು, ಭಯ ಹುಟ್ಟಿಸುವ ಖಳಪಾತ್ರ. 1991ರ ‘ಸಡಕ್’ ಎಂಬ ಹಿಂದಿ ಚಿತ್ರದಲ್ಲಿ ಹುಡುಗಿಯರನ್ನು ವೇಶ್ಯಾಗೃಹದಲ್ಲಿ ಬಂಧಿಸಿಡುವ ‘ಮಹಾರಾಣಿ’ಯ ಪಾತ್ರವನ್ನು ಸದಾಶಿವ ಅಮರಾಪುರಕರರು ಪರಿಣಾಮಕಾರಿಯಾಗಿ ಅಭಿನಯಿಸಿ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ಪಡೆದರು. ನಟನ ಪ್ರತಿಭೆ ಪ್ರಶ್ನಾತೀತ. ಆದರೆ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿದ ಚಿತ್ರವು ‘ಮಕ್ಕಳನ್ನು ಅಪಹರಿಸುವವರು’ ಎಂಬ ಹಳೆಯ ಕಾಯಿದೆಯ ಚಿತ್ರಕ್ಕೆ ಅತಿ ಸಮೀಪವಾದುದು. ಪತ್ರಿಕೆಗಳಲ್ಲಿಯೂ ಈ ಜನರು ಸುದ್ದಿಯಾಗುತ್ತಿದ್ದುದು ಬಹುಮಟ್ಟಿಗೆ ಪೊಲೀಸ್ ವರದಿಯ ಅಂಕಣದಲ್ಲಿ. ಒಬ್ಬ ವ್ಯಾಪಾರಿ ತಪ್ಪು ಮಾಡಿದರೆ ಅದು ಒಬ್ಬನ ತಪ್ಪು. ಇವರಲ್ಲೊಬ್ಬರು ಮಾಡಿದರೆ ತಲೆಬರಹದಲ್ಲಿ ಇಡೀ ಸಮುದಾಯವೇ ನಿಲ್ಲುತ್ತದೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. 2018ರ ಮೇ ತಿಂಗಳಲ್ಲಿ ದಕ್ಷಿಣದ ಹಲವೆಡೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಹೈದರಾಬಾದಿನ ಚಂದ್ರಾಯನಗುಟ್ಟ ಪ್ರದೇಶದಲ್ಲಿ ಜನರ ಗುಂಪೊಂದು ಈ ವದಂತಿಯನ್ನು ನಂಬಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯೊಬ್ಬರನ್ನು ಹೊಡೆದು ಕೊಂದಿತು. ಆ ಗುಂಪಿನವರು 1871ರ ಕಾಯಿದೆಯನ್ನು ಓದಿದವರಲ್ಲ. ನಿಜಾಮರ ಕಾಯಿದೆಯ ಹೆಸರನ್ನೂ ಕೇಳಿದವರಲ್ಲ. ಆದರೆ ಆ ಕಾಯಿದೆಗಳು ಶಂಕಿಸಿದ ಅದೇ ಅಪರಾಧವನ್ನು ಅವರು ಶಂಕಿಸಿದರು; ಆ ಕಾಯಿದೆಗಳಂತೆಯೇ ಪ್ರಮಾಣವನ್ನು ಕೇಳದೆ ಹೋದರು. ಶಾಸನವು ಮಾತಾಗಿ, ಮಾತು ನಂಬಿಕೆಯಾಗಿ, ನಂಬಿಕೆ ಕಲ್ಲುದೊಣ್ಣೆಗಳಾದ ಪರಿ ಇದು.

ಕತ್ತಲೆಯ ಈ ಇತಿಹಾಸಕ್ಕೆ ಪ್ರತಿಯಾಗಿ ಬೆಳಕಿನ ಇತಿಹಾಸವೂ ಇದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ. ಕೆ. ಸಿಕ್ರಿ ಅವರ ಪೀಠವು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಮೊಕದ್ದಮೆಯಲ್ಲಿ ನೀಡಿದ ತೀರ್ಪು ಈ ದಿಸೆಯಲ್ಲಿ ಯುಗಪ್ರವರ್ತಕವಾದುದು. ವ್ಯಕ್ತಿಯು ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಎಂಬುದನ್ನು ತಾನೇ ಹೇಳಿಕೊಳ್ಳುವ ಹಕ್ಕುಳ್ಳವನು. ಅದಕ್ಕೆ ಶಸ್ತ್ರಚಿಕಿತ್ಸೆಯ ನಿರ್ಬಂಧ ಸಲ್ಲದು ಎಂದು ಅದು ಸಾರಿತು. ಇವರನ್ನು ಸಾಮಾಜಿಕವಾಗಿ ಹಾಗೂ ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಪರಿಗಣಿಸಿ ಮೀಸಲಾತಿ ಕಲ್ಪಿಸಬೇಕೆಂದೂ ಆದೇಶಿಸಿತು. 2018ರ ಸೆಪ್ಟೆಂಬರ್ 6ರಂದು ಸಂವಿಧಾನ ಪೀಠವು, ಪ್ರಾಪ್ತವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು 377ನೆಯ ಪ್ರಕರಣದ ಹಿಡಿತದಿಂದ ಬಿಡಿಸಿತು. 2019ರಲ್ಲಿ ಸಂಸತ್ತು ಇವರ ಹಕ್ಕುಗಳ ರಕ್ಷಣೆಗಾಗಿ ಕಾಯಿದೆಯೊಂದನ್ನು ಅಂಗೀಕರಿಸಿತು. ಆದರೆ ಅಂಗೀಕೃತವಾದ ರೂಪದಲ್ಲಿ ಅದು ಜಿಲ್ಲಾ ದಂಡಾಧಿಕಾರಿಯ ಪ್ರಮಾಣಪತ್ರವನ್ನು ಅಗತ್ಯಗೊಳಿಸಿತ್ತು, ಮೀಸಲಾತಿಯ ಮಾತೆತ್ತಿರಲಿಲ್ಲ, ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೂ 6 ತಿಂಗಳಿಂದ 2 ವರ್ಷಗಳ ಶಿಕ್ಷೆಯನ್ನಷ್ಟೇ ವಿಧಿಸಿತ್ತು. ಆದ್ದರಿಂದ ಸಮುದಾಯದ ಅನೇಕರು ಅದನ್ನು ಪ್ರತಿಭಟಿಸಿದರು. ತಾನು ಯಾರೆಂಬುದಕ್ಕೆ ಅಧಿಕಾರಿಯ ಮುದ್ರೆ ಬೇಕೆಂಬ ವಿಧಿಯಲ್ಲಿ ಹಳೆಯ ದಫ್ತರಿನ ನೆರಳು ಅವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

2011ರ ಜನಗಣತಿಯಲ್ಲಿ ‘ಇತರೆ’ ಎಂಬ ಶೀರ್ಷಿಕೆಯಡಿ ದೇಶದಲ್ಲಿ ಸುಮಾರು 4 ಲಕ್ಷ 88 ಸಾವಿರ ಜನರು, ಕರ್ನಾಟಕದಲ್ಲಿ 20 ಸಾವಿರಕ್ಕೂ ಮಿಕ್ಕಿ ಜನರು ಎಣಿಕೆಗೆ ಸಿಕ್ಕರು. ತಮ್ಮನ್ನು ತೋರಿಸಿಕೊಳ್ಳಲು ಅಂಜುವ ಜನರ ಗಣತಿ ಪೂರ್ಣವಾಗಲಾರದು. ರಾಜ್ಯ ಸರ್ಕಾರವು 2017ರಲ್ಲಿ ಇವರಿಗಾಗಿ ನೀತಿಯೊಂದನ್ನು ರೂಪಿಸಿತು. 2021ರಲ್ಲಿ ಸರ್ಕಾರಿ ನೇಮಕಾತಿಯ ನಿಯಮಗಳನ್ನು ತಿದ್ದಿ ಶೇಕಡಾ 1ರಷ್ಟು ಹುದ್ದೆಗಳನ್ನು ಎಲ್ಲ ಪ್ರವರ್ಗಗಳಲ್ಲಿಯೂ ಮೀಸಲಿರಿಸಿತು. ಪೊಲೀಸರ ನೇಮಕಾತಿಯಲ್ಲಿ ತಮಗೆ ಸ್ಥಾನವಿಲ್ಲವೆಂದು ‘ಸಂಗಮ’ ಸಂಸ್ಥೆಯು ನ್ಯಾಯಾಲಯದಲ್ಲಿ ಹೂಡಿದ ಅರ್ಜಿಯೇ ಇದಕ್ಕೆ ಪ್ರೇರಕವಾಯಿತು. ಯಾವ ಇಲಾಖೆಯ ದಫ್ತರಿನಲ್ಲಿ ಶಂಕಿತರಾಗಿ ದಾಖಲಾಗುವ ಭೀತಿಯಿತ್ತೋ ಅದೇ ಇಲಾಖೆಯಲ್ಲಿ ಕಾವಲುಗಾರರಾಗುವ ಹಕ್ಕನ್ನು ಇವರು ಕೇಳಿದರು ಎಂಬುದು ಇತಿಹಾಸದ ಅರ್ಥಪೂರ್ಣ ತಿರುವು.

ಆದರೂ ಪದಗಳ ಕಳಂಕವನ್ನು ತೊಳೆಯುವುದು ನ್ಯಾಯಾಲಯಗಳಿಂದ ಮಾತ್ರ ಸಾಧ್ಯವಲ್ಲ. ಅದು ಸಾಹಿತ್ಯದ ಕೆಲಸ. ಆ ಕೆಲಸವನ್ನು ಈ ಸಮುದಾಯದವರೇ ಕೈಗೊಂಡಿರುವುದು ಸಮಾಧಾನದ ಸಂಗತಿ. ಬೆಂಗಳೂರಿನಲ್ಲಿ ‘ಸಂಗಮ’ದೊಡನೆ ದುಡಿದ ಎ. ರೇವತಿ ಅವರು ತಮಿಳಿನಲ್ಲಿ ಬರೆದ ಆತ್ಮಕಥೆಯನ್ನು ದು. ಸರಸ್ವತಿ ಅವರು ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಹೆಗ್ಗೋಡಿನ ‘ಜನಮನದಾಟ’ ತಂಡವು ಅದನ್ನು ರಂಗಕ್ಕೆ ತಂದು ನಾಡಿನ ಊರುಗಳಲ್ಲಿ ಪ್ರದರ್ಶಿಸಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ. ಎಸ್. ಲಿಂಗದೇವರು ಅವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಕನ್ನಡ ಚಿತ್ರದಲ್ಲಿ ಸಂಚಾರಿ ವಿಜಯ್ ಅವರ ಅಭಿನಯಕ್ಕೆ 2015ರಲ್ಲಿ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ಘೋಷಿತವಾಯಿತು. ನಗೆಗೂ ಭಯಕ್ಕೂ ಮೀಸಲಾಗಿದ್ದ ಪಾತ್ರವು ಇಲ್ಲಿ ಕರುಣರಸಕ್ಕೆ, ಅದಕ್ಕಿಂತ ಮಿಗಿಲಾಗಿ ಗೌರವಕ್ಕೆ ಪಾತ್ರವಾಯಿತು. ಆದರೆ ಈ ಪಾತ್ರಗಳನ್ನು ಆ ಸಮುದಾಯದ ಕಲಾವಿದರೇ ವಹಿಸುವ ಅವಕಾಶ ಇನ್ನೂ ವಿರಳವೆಂಬುದನ್ನೂ ಹೇಳಬೇಕು. ರಂಗದ ಮೇಲಣ ಸೀರೆಗೆ ಪ್ರಶಸ್ತಿ, ಬೀದಿಯ ಸೀರೆಗೆ ಕೊಂಕುನೋಟ ಎಂಬ ಹಳೆಯ ದ್ವಂದ್ವ ಪೂರ್ಣವಾಗಿ ಅಳಿದಿಲ್ಲ.

ಈ ದ್ವಂದ್ವವನ್ನು ತಮ್ಮ ಬಾಳಿನಿಂದಲೇ ಉತ್ತರಿಸಿದವರು ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು. ಗಂಡಾಗಿ ಹುಟ್ಟಿ, ಮುತ್ತು ಕಟ್ಟಿಸಿಕೊಂಡು, ಮನೆಯಿಂದ ದೂರವಾಗಿ, ಹಸಿವು ಅವಮಾನಗಳನ್ನು ಉಂಡು, ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯವನ್ನು ಕಲಿತು ಬೆಳಗಿಸಿದವರು ಅವರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಸ್ವೀಕರಿಸುವ ಮುನ್ನ ಅವರು ಸೀರೆಯ ಸೆರಗಿನಿಂದ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದು ಹರಸಿದುದನ್ನು ದೇಶವೆಲ್ಲ ಕಂಡಿತು. 1871ರ ಕಾಯಿದೆಯಲ್ಲಿ 2 ವರ್ಷಗಳ ಸೆರೆವಾಸಕ್ಕೆ ಗುರಿಯಾಗುತ್ತಿದ್ದ ಸೀರೆಯ ಸೆರಗು ಅದು.

ಅವರ ಜೀವನಕಥನವನ್ನು ಅರುಣ್ ಜೋಳದಕೂಡ್ಲಿಗಿ ಅವರು ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿನಿಂದ ನಿರೂಪಿಸಿದ್ದಾರೆ. ಈ ಹೆಸರನ್ನು ಕೇಳಿದೊಡನೆ ವಚನಾಭ್ಯಾಸಿಗಳಿಗೆ ಜೇಡರ ದಾಸಿಮಯ್ಯನ ನೆನಪಾಗದಿರದು. ದೇಹದ ಕುರುಹುಗಳಿಂದ ಲೋಕವು ಹೆಣ್ಣು ಗಂಡೆಂದು ವಿಭಾಗಿಸಿದರೂ ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲವೆಂಬುದು ಅವನ ಪ್ರಸಿದ್ಧ ವಚನದ ಭಾವ. ‘ಬದುಕು ಬಯಲು’ ಎಂಬಲ್ಲಿಯ ‘ಬಯಲು’ ಸಹ ಶರಣರ ಪರಿಭಾಷೆಯಿಂದ ಬಂದ ಪದ. ಕಾಯಿದೆಯ ಭಾಷೆ ಇವರಿಗೆ ಕಳಂಕದ ಹೆಸರುಗಳನ್ನಷ್ಟೇ ಕೊಟ್ಟಿತ್ತು; ತಮ್ಮ ಬಾಳನ್ನು ಹೇಳಿಕೊಳ್ಳಲು ಗೌರವದ ಹೆಸರು ಬೇಕಾದಾಗ ಕನ್ನಡದಲ್ಲಿ ಅದು ದೊರೆತುದು ವಚನದ ಭಂಡಾರದಲ್ಲಿ. ಇದು ವಚನಾಭಿಮಾನಿಗಳಿಗೆ ಹೆಮ್ಮೆಯ ವಿಷಯ ನಿಜ; ಆದರೆ ಹೆಮ್ಮೆಗಿಂತ ಹೆಚ್ಚಾಗಿ ಹೊಣೆಯ ವಿಷಯ. ಆತ್ಮಕ್ಕೆ ಲಿಂಗಭೇದವಿಲ್ಲವೆಂದು ವೇದಿಕೆಯಲ್ಲಿ ವ್ಯಾಖ್ಯಾನಿಸಿ, ವೇದಿಕೆಯಿಂದ ಇಳಿದೊಡನೆ ಬಾಗಿಲಿಗೆ ಬಂದ ವ್ಯಕ್ತಿಯನ್ನು ‘ಅದು’ ಎಂದು ಕರೆದರೆ ಆ ವ್ಯಾಖ್ಯಾನಕ್ಕೆ ಬೆಲೆಯಿಲ್ಲ. ನುಡಿದಂತೆ ನಡೆಯುವುದೇ ಶರಣರ ಪರೀಕ್ಷೆಯಾಗಿತ್ತು.

ಕನ್ನಡ ವ್ಯಾಕರಣದಿಂದ ಆರಂಭವಾದ ಈ ವಿಚಾರವನ್ನು ಅಲ್ಲಿಯೇ ಮುಗಿಸಬಹುದು. ಕನ್ನಡವು ಏಕವಚನದಲ್ಲಿ ‘ಅವನು’, ‘ಅವಳು’ ಎಂದು ಭೇದ ಮಾಡುತ್ತದೆ. ಬಹುವಚನಕ್ಕೆ ಬಂದೊಡನೆ ಆ ಭೇದವನ್ನು ಮರೆತು ಎಲ್ಲರನ್ನೂ ‘ಅವರು’ ಎನ್ನುತ್ತದೆ. ಗೌರವಿಸಬೇಕಾದ ಒಬ್ಬರನ್ನು ಕುರಿತು ಮಾತನಾಡುವಾಗಲೂ ಕನ್ನಡಿಗರು ಬಳಸುವುದು ಇದೇ ‘ಅವರು’ ಎಂಬ ಪದವನ್ನು. ಅಂದರೆ ಗೌರವದ ಮಾತಿನಲ್ಲಿ ಹೆಣ್ಣು ಗಂಡೆಂಬ ಪ್ರಶ್ನೆಯೇ ಏಳದಂಥ ವ್ಯವಸ್ಥೆ ಈ ಭಾಷೆಯಲ್ಲಿ ಹಿಂದಿನಿಂದಲೂ ಸಿದ್ಧವಾಗಿದೆ. ಅದಕ್ಕಾಗಿ ಹೊಸ ಪದವನ್ನು ಕಟ್ಟಬೇಕಾಗಿಲ್ಲ, ಹೊರಗಿನಿಂದ ಎರವಲು ತರಬೇಕಾಗಿಯೂ ಇಲ್ಲ. 1871ರ ಶಾಸನವನ್ನು ಅಳಿಸಿದವರು ಶಾಸಕರು, ಅದರ ಅವಶೇಷಗಳನ್ನು ಅಳಿಸಿದವರು ನ್ಯಾಯಾಧೀಶರು. ಜನರ ನಾಲಿಗೆಯ ಮೇಲೆ ಉಳಿದಿರುವ ಅದರ ಶಂಕೆಯನ್ನು ಅಳಿಸುವವರು ಜನರೇ ಆಗಬೇಕು. ‘ಅದು’ ಎಂಬಲ್ಲಿ ‘ಅವರು’ ಎನ್ನುವುದು ಅದರ ಮೊದಲ ಹೆಜ್ಜೆ.